ಛೆಟ್ರಿ ಹೊಡೆದ ಆ ಗೋಲು ಮೋಸನಾ?

ನಾನು ಬೆಂಗಳೂರು ಎಫ್‌ಸಿ ಕಡೆಯವನು ಅಂತ ಗೊತ್ತಾದ ಕೂಡಲೇ ಮಲಯಾಳಿ ಗೆಳೆಯರು ಕೇಳುವುದು ಒಂದೇ ಪ್ರಶ್ನೆ. "ಆ ಮ್ಯಾಚ್ ಮೋಸದಲ್ಲಿ ಗೆದ್ದಿದ್ದು ತಾನೇ?" ಯಾವ ಮ್ಯಾಚ್ ಅಂತ ಯಾರೂ ಹೇಳುವುದಿಲ್ಲ. ಫುಟ್‌ಬಾಲ್ ಅಷ್ಟಾಗಿ ನೋಡದ ನಮ್ಮವರೂ ಕೇಳುತ್ತಾರೆ, ಅದೇನೋ ಕೇರಳದವರು ಆಟ ಬಿಟ್ಟು ಹೊರಟೇ ಹೋದರಂತಲ್ಲ, ಏನದು ಅಂತ. ಪ್ರತಿ ಸಲ ಟೀ ಅಂಗಡಿ ಮುಂದೆ ನಿಂತು ಅರ್ಧ ಗಂಟೆ ವಿವರಿಸಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

2023ರ ಮಾರ್ಚ್ 3, ಕಂಠೀರವ ಸ್ಟೇಡಿಯಂ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್‌ನ ಪ್ಲೇಆಫ್. ಮೊದಲೆರಡು ತಂಡಗಳಿಗೆ ನೇರ ಸೆಮಿಫೈನಲ್, 3ರಿಂದ 6ರವರೆಗೆ ಬಂದವರು ಒಂದೇ ಮ್ಯಾಚ್ ಆಡಬೇಕು, ಸೋತರೆ ಮನೆಗೆ. ಅದು ಆ ವರ್ಷ ಬಂದ ಹೊಸ ಪದ್ಧತಿ. ನಾವು ಲೀಗ್ ಕೊನೆಯಲ್ಲಿ ಸತತ 8 ಮ್ಯಾಚ್ ಗೆದ್ದು 4ನೇ ಸ್ಥಾನಕ್ಕೆ ಬಂದಿದ್ದೆವು. ಕೇರಳ ಬ್ಲಾಸ್ಟರ್ಸ್ 5ನೇ ಸ್ಥಾನ. 90 ನಿಮಿಷ ಆದರೂ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್‌ನ 6ನೇ ನಿಮಿಷದಲ್ಲಿ ಪೆನಾಲ್ಟಿ ಬಾಕ್ಸ್ ಹೊರಗೆ ನಮ್ಮ ಸುನಿಲ್ ಛೆಟ್ರಿಯನ್ನು ಕೆಡವಿದರು, ಫ್ರೀಕಿಕ್ ಸಿಕ್ಕಿತು.

ಕಂಠೀರವಕ್ಕೆ ಹೋದವರಿಗೆ ಗೊತ್ತು, ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಸ್ಟ್ಯಾಂಡಿನಿಂದ ಎಲ್ಲವೂ ದೂರ. ಫ್ರೀಕಿಕ್ ಸಿಕ್ಕಿತು, ಎದುರಾಳಿಗಳು ಚೆಂಡಿಗೆ ಅಡ್ಡ ಸಾಲಾಗಿ ಗೋಡೆ ಥರ ನಿಲ್ಲೋಕೆ ಹೇಗೂ ಒಂದು ನಿಮಿಷ ಬೇಕು ಅಂತ ನಾನು ನೀರಿನ ಬಾಟಲಿ ಮುಚ್ಚಳ ತಿರುಗಿಸ್ತಾ ಇದ್ದೆ. ತಲೆ ಎತ್ತುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು, ಛೆಟ್ರಿ ಓಡುತ್ತಿದ್ದರು. ಗೋಲಾ? ಪಕ್ಕದವನನ್ನು ಕೇಳಿದರೆ ಅವನು ನನ್ನನ್ನೇ ಕೇಳಿದ. ಮುಂದಿನ ಸಾಲಿನ ಹುಡುಗ ಫೋನಿನಲ್ಲೂ ಹಾಕಿಕೊಂಡು ನೋಡುತ್ತಿದ್ದ, ಅದು ಅರ್ಧ ನಿಮಿಷ ತಡ. ಅದರಲ್ಲಿ ಇನ್ನೊಂದು ಸಲ ಫ್ರೀಕಿಕ್ ಬಂದಾಗ ನಾವು ಐದಾರು ಜನ ಆ ಪುಟ್ಟ ಸ್ಕ್ರೀನಿಗೆ ತಲೆ ತೂರಿಸಿ, ಆಗಿಹೋದ ಗೋಲಿಗೆ ಎರಡನೇ ಸಲ ಕಿರುಚಿದೆವು.

ಕೇರಳದ ಕೀಪರ್ ಪ್ರಭ್‌ಸುಖನ್ ಗಿಲ್ ಇನ್ನೂ ಗೋಡೆ ಸರಿಮಾಡುತ್ತಿದ್ದರು. ಕೇರಳದವರು ರೆಫರಿ ಕ್ರಿಸ್ಟಲ್ ಜಾನ್ ಸುತ್ತ ಮುತ್ತಿಕೊಂಡರು. ಆಮೇಲೆ ಅವರ ಕೋಚ್ ಇವಾನ್ ವುಕೊಮಾನೊವಿಚ್ ಸೈಡ್‌ಲೈನ್‌ನಿಂದ ಕೈ ಬೀಸಿ ಎಲ್ಲರನ್ನೂ ಕರೆದರು, ತಂಡ ಒಳಗೆ ಹೋಯಿತು. ವಾಪಸ್ ಬರಲೇ ಇಲ್ಲ. ನಾವು ಹಾಡಿದೆವು, ಕೂಗಿದೆವು, ಆಮೇಲೆ ಸುಮ್ನೆ ಕೂತೆವು. ಕೊನೆಗೆ 1-0, ಬೆಂಗಳೂರು ಗೆದ್ದಿತು ಅಂತ ಘೋಷಣೆ ಆಯಿತು. ಗೆದ್ದ ಖುಷಿ ಎಷ್ಟಿರಬೇಕಿತ್ತೋ ಅಷ್ಟಿರಲಿಲ್ಲ, ನಿಜ ಹೇಳ್ತೀನಿ.

ಈಗ ಪ್ರಶ್ನೆಗೆ ಬರೋಣ. ಫ್ರೀಕಿಕ್‌ಗೆ ವಿಸಲ್ ಬೇಕೇ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇಕಿಲ್ಲ. ಫೌಲ್ ಆದ ತಂಡ ತಕ್ಷಣ ಆಡಬಹುದು, ಎದುರಾಳಿ 9.15 ಮೀಟರ್ ದೂರ ಹೋಗುವವರೆಗೂ ಕಾಯಲೇಬೇಕು ಅಂತೇನಿಲ್ಲ. ಆ ದೂರ ಇರುವುದು ಹೊಡೆಯುವವನ ಅನುಕೂಲಕ್ಕೆ, ಅವನೇ ಬೇಡ ಅಂದರೆ ಮುಗೀತು. ಆದರೆ ರೆಫರಿ ಕಾರ್ಡ್ ತೋರಿಸಿದ್ದರೆ, ಅಥವಾ ತಾನೇ ನಿಂತು ಗೋಡೆ ಹಿಂದೆ ಸರಿಸುತ್ತಿದ್ದರೆ, ಆಗ ವಿಸಲ್ ಕೇಳುವವರೆಗೆ ಚೆಂಡು ಮುಟ್ಟುವಂತಿಲ್ಲ. ಸಾಮಾನ್ಯವಾಗಿ ರೆಫರಿ ವಿಸಲ್ ಎತ್ತಿ ತೋರಿಸಿ "ಕಾಯಿ" ಅಂತಾರೆ.

ಮ್ಯಾಚ್ ಮುಗಿದ ಮೇಲೆ ಛೆಟ್ರಿ ಹೇಳಿದ್ದು ಏನಪ್ಪಾ ಅಂದರೆ, ನನಗೆ ವಿಸಲ್ಲೂ ಬೇಡ ಗೋಡೆಯೂ ಬೇಡ ಅಂತ ರೆಫರಿಗೆ ಹೇಳಿದ್ದೆ, ಕೇರಳದ ಏಡ್ರಿಯನ್ ಲೂನಾ ಅದನ್ನು ಕೇಳಿಸಿಕೊಂಡೇ ಚೆಂಡಿಗೆ ಅಡ್ಡ ನಿಂತಿದ್ದರು ಅಂತ. ಆಮೇಲೆ ಲೂನಾ ಬೆನ್ನು ತಿರುಗಿಸಿದರು, ಅಷ್ಟೇ ಸಾಕಾಯಿತು. ಕೇರಳದವರ ವಾದ ಬೇರೆ. ಲೂನಾಗೆ ಹಿಂದೆ ಸರಿಯೋಕೆ ಹೇಳಿದವರು ರೆಫರಿಯೇ, ಅಂದಮೇಲೆ ವಿಸಲ್‌ಗೆ ಕಾಯಬೇಕಿತ್ತು. ಈ ವಾದದಲ್ಲಿ ಸತ್ವ ಇದೆ, ನಮ್ಮವರು ಒಪ್ಪಲಿ ಬಿಡಲಿ. ಫೌಲ್ ಆಗಿ ಸ್ವಲ್ಪ ಹೊತ್ತಾಗಿತ್ತು, ಅದನ್ನು "ತಕ್ಷಣ" ಅನ್ನೋಕೆ ನನಗೂ ಸ್ವಲ್ಪ ಕಷ್ಟ. ನನ್ನ ಪ್ರಕಾರ ಗೋಲು ಸರಿ. ಸರಿ ಇಲ್ಲದ್ದು ಏನು ಅಂದರೆ, ಹನ್ನೆರಡು ಜನರ ಮಧ್ಯೆ ನಿಂತ ರೆಫರಿ ಮಾತು ಒಬ್ಬಿಬ್ಬರಿಗಷ್ಟೇ ಕೇಳಿಸಿದ್ದು, ಕೀಪರ್‌ಗೆ ಕೇಳಿಸದೇ ಇದ್ದದ್ದು. ಛೆಟ್ರಿ ಮೋಸ ಮಾಡಲಿಲ್ಲ. ಬಾಗಿಲು ತೆರೆದಿತ್ತು, ನುಗ್ಗಿದರು.

ಆದರೆ ಕೇರಳ ಸೋತಿದ್ದು ಆ ಗೋಲಿನಿಂದಲ್ಲ. ಇನ್ನೂ 20 ನಿಮಿಷಕ್ಕಿಂತ ಜಾಸ್ತಿ ಆಟ ಬಾಕಿ ಇತ್ತು ಕಣ್ರೀ! ಒಂದು ಗೋಲು ಹೊಡೆದಿದ್ದರೆ ಪೆನಾಲ್ಟಿ ಶೂಟೌಟ್. ಪ್ರತಿಭಟನೆಯನ್ನು ಮ್ಯಾಚ್ ಮುಗಿದ ಮೇಲೆ ಸಲ್ಲಿಸಬಹುದಿತ್ತು. ಮ್ಯಾಚ್ ಸೋಲಿಸಿದ್ದು ಕೋಚ್ ಕೈ ಬೀಸಿದ ಆ ಒಂದು ಗಳಿಗೆ. ಎಐಎಫ್‌ಎಫ್ (ಭಾರತದ ಫುಟ್‌ಬಾಲ್ ಒಕ್ಕೂಟ) ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಮ್ಯಾಚ್ ನಿಷೇಧ, 5 ಲಕ್ಷ ದಂಡ. ಇಬ್ಬರೂ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆದರೂ ಅಲ್ಲಿನ ಅಭಿಮಾನಿಗಳು ಆ ಕೋಚನ್ನು ಬಿಟ್ಟುಕೊಡಲಿಲ್ಲ. ನಮ್ಮ ಕೋಚ್ ಹಾಗೆ ಮಾಡಿದ್ದರೆ ನಾವೂ ಬಿಟ್ಟುಕೊಡುತ್ತಿರಲಿಲ್ಲ ಅನ್ನಿಸುತ್ತೆ.

ಈ ಗಲಾಟೆಯಲ್ಲಿ ಇನ್ನೊಬ್ಬ ಕೋಚ್‌ನ ತೀರ್ಮಾನ ಎಲ್ಲರಿಗೂ ಮರೆತೇಹೋಗಿದೆ. ನಮ್ಮ ಕೋಚ್ ಸೈಮನ್ ಗ್ರೇಸನ್ ಆ ದಿನ ಛೆಟ್ರಿಯನ್ನು ಮೊದಲ ಹನ್ನೊಂದರಲ್ಲಿ ಇಳಿಸಿರಲಿಲ್ಲ. ಶಿವಶಕ್ತಿ, ರಾಯ್ ಕೃಷ್ಣ ಮುಂದೆ, ಛೆಟ್ರಿ ಬೆಂಚಿನಲ್ಲಿ. ನಮ್ಮ ಸ್ಟ್ಯಾಂಡಿನಲ್ಲಿ ಗೊಣಗಾಟವೋ ಗೊಣಗಾಟ, ಅದರಲ್ಲಿ ನನ್ನದೂ ಪಾಲಿತ್ತು. ಉಳಿದವರ ಕಾಲು, ತಲೆ ಎರಡೂ ದಣಿದಿದ್ದಾಗ 38ರ ಒಬ್ಬ ಮನುಷ್ಯನ ತಲೆ ಮಾತ್ರ ಚುರುಕಾಗಿತ್ತು, ಯಾಕೆ ಅಂದರೆ ಅವರು ಎರಡನೇ ಹಾಫ್‌ನಲ್ಲಷ್ಟೇ ಇಳಿದಿದ್ದರು.

ಇನ್ನೊಂದು ಮಾತು, ಇದನ್ನು ಹೇಳಿದರೆ ನಮ್ಮವರೇ ಬೈತಾರೆ. ಮಾರ್ಚ್ 3ರ ರಾತ್ರಿ ನಾವು ಏನೇನು ಹಂಗಿಸಿದೆವು! ಅಳುಬುರುಕರು, ರೂಲ್ಸ್ ಓದ್ಕೊಂಡು ಬನ್ನಿ, ರೆಫರಿ ತೀರ್ಮಾನವೇ ಅಂತಿಮ. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಶೂಟೌಟ್‌ನಲ್ಲಿ 9-8ರಿಂದ ಸೋಲಿಸಿದೆವು. ಮಾರ್ಚ್ 18, ಗೋವಾದಲ್ಲಿ ಎಟಿಕೆ ಮೋಹನ್ ಬಗಾನ್ ವಿರುದ್ಧ ಫೈನಲ್. ನಾವು 2-1 ಮುಂದೆ. 85ನೇ ನಿಮಿಷದಲ್ಲಿ ಅವರಿಗೆ ಪೆನಾಲ್ಟಿ. ಫೌಲ್ ಆಗಿದ್ದು ಬಾಕ್ಸ್ ಹೊರಗೆ ಅಂತ ನಮಗೆಲ್ಲ ಸ್ಪಷ್ಟವಾಗಿ ಕಂಡಿತು, ಬೇರೆ ಯಾರಿಗೆ ಹೇಗೆ ಕಂಡಿತೋ. 2-2, ಶೂಟೌಟ್‌ನಲ್ಲಿ ಸೋಲು. ಎರಡು ವಾರ ರೂಲ್ಸ್ ಪುಸ್ತಕ ಹಿಡಿದು ಓಡಾಡಿದವರೆಲ್ಲ ಒಂದೇ ರಾತ್ರಿಗೆ ವಿಎಆರ್ (ವಿಡಿಯೋ ನೋಡಿ ತೀರ್ಮಾನ ಕೊಡುವ ವ್ಯವಸ್ಥೆ) ಬೇಕು ಅಂತ ಬೊಬ್ಬೆ ಹಾಕಿದೆವು. ಕ್ಲಬ್ ಮಾಲೀಕ ಪಾರ್ಥ್ ಜಿಂದಾಲ್ ಕೂಡ ಅದನ್ನೇ ಟ್ವೀಟ್ ಮಾಡಿದರು. ನಾನು ಅದನ್ನು ಆಫೀಸ್ ಗ್ರೂಪ್‌ಗೆ ಹಾಕಿದೆ. ಮಲಯಾಳಿ ಗೆಳೆಯ ಒಂದು ಸ್ಮೈಲಿ ಕಳಿಸಿ ಸುಮ್ಮನಾದ. ಬೈದಿದ್ದರೆ ವಾಸಿಯಿತ್ತು.

ಅವನ ಸರದಿ ಸೆಪ್ಟೆಂಬರ್‌ನಲ್ಲಿ ಬಂತು. ಮುಂದಿನ ಸೀಸನ್ನಿನ ಮೊದಲ ಮ್ಯಾಚ್ ಕೊಚ್ಚಿಯಲ್ಲಿ, ಅದೇ ಎರಡು ತಂಡ. ವುಕೊಮಾನೊವಿಚ್ ಇನ್ನೂ ನಿಷೇಧದಲ್ಲಿದ್ದರು. ಕೇರಳ 2-1ರಿಂದ ಗೆದ್ದಿತು. ಎರಡನೇ ಗೋಲು ಹೇಗೆ ಅಂದರೆ, ನಮ್ಮ ಕೀಪರ್ ಗುರ್‌ಪ್ರೀತ್ ಕಾಲಿನಲ್ಲಿ ಚೆಂಡು ಒಂದು ಕ್ಷಣ ಎಡವಿತು, ಪಕ್ಕದಿಂದ ಲೂನಾ ನುಗ್ಗಿ ಗೋಲಿಗೆ ತಳ್ಳಿಬಿಟ್ಟರು. ಮ್ಯಾಚ್ ಮುಗಿಯುವ ಮೊದಲೇ ಗೆಳೆಯನ ಮೆಸೇಜ್ ಬಂತು: "ವಿಸಲ್‌ಗೆ ಕಾಯಬೇಕಿತ್ತಾ?"