ಎರಡನೆಯ ಹೆಸರನ್ನು ಪರೀಕ್ಷಿಸುವವರು ಯಾರು?

2008ರ ಆಗಸ್ಟ್ 29ರ ಶುಕ್ರವಾರ ನಾನು ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಮಗಳ ಮನೆಯಲ್ಲಿದ್ದೆ. ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಡೇಟನ್ ಊರಿನಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಜಾನ್ ಮೆಕೇನ್ ತಮ್ಮ ಜೊತೆಯ ಎರಡನೆಯ ಹೆಸರನ್ನು, ಅಂದರೆ ಉಪಾಧ್ಯಕ್ಷ ಅಭ್ಯರ್ಥಿಯನ್ನು, ಅಂದು ಪ್ರಕಟಿಸಲಿದ್ದರು. ಅದು ಮೆಕೇನ್ ಅವರ 72ನೆಯ ಹುಟ್ಟುಹಬ್ಬವೂ ಆಗಿತ್ತು. ಟಿವಿಯ ಮುಂದೆ ನನ್ನ ಜೊತೆಗೆ ಪಕ್ಕದ ಮನೆಯ ಹಿರಿಯರೊಬ್ಬರು ಕುಳಿತಿದ್ದರು. ಅವರು ನಲವತ್ತು ವರ್ಷ ತಪ್ಪದೆ ರಿಪಬ್ಲಿಕನ್ ಪಕ್ಷಕ್ಕೇ ಮತ ಹಾಕಿಕೊಂಡು ಬಂದವರು. ಸಾರಾ ಪೇಲಿನ್ ಗಂಡ, ಮಕ್ಕಳು ಮತ್ತು ನಾಲ್ಕು ತಿಂಗಳ ಕೈಗೂಸಿನೊಂದಿಗೆ ವೇದಿಕೆಗೆ ಬಂದಾಗ ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿರಿಯರು ಮಾತ್ರ ನನ್ನ ಕಡೆಗೆ ತಿರುಗಿ, "ಈಕೆ ಯಾರು ನಿಮಗೆ ಗೊತ್ತೇ?" ಎಂದು ಕೇಳಿದರು. ಸಾವಿರಾರು ಮೈಲಿ ದೂರದಿಂದ ಬಂದ ನನ್ನನ್ನು ಆ ಪ್ರಶ್ನೆ ಕೇಳಬೇಕಾದ ಸ್ಥಿತಿ ಅವರಿಗೆ ಬಂದಿತ್ತಲ್ಲ ಎಂಬುದೇ ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ.

ಪೇಲಿನ್ ಅವರಿಗೆ ಆಗ 44 ವರ್ಷ. ಅವರು ವಸಿಲ್ಲಾ ಎಂಬ ಸಣ್ಣ ಪಟ್ಟಣದ ಮೇಯರ್ ಆಗಿದ್ದವರು, 2006ರ ಡಿಸೆಂಬರ್‌ನಿಂದ ಅಲಾಸ್ಕಾದ ಗವರ್ನರ್. ಆ ವಾರಕ್ಕೆ ಮೊದಲು ಮೆಕೇನ್ ಅವರನ್ನು ಮುಖಾಮುಖಿ ಭೇಟಿಯಾಗಿದ್ದದ್ದು ಒಂದೇ ಸಲ. ಮೆಕೇನ್ ಮನಸ್ಸು ಮೊದಲು ವಾಲಿದ್ದು ತಮ್ಮ ಹಳೆಯ ಸ್ನೇಹಿತ, ಸೆನೆಟರ್ ಜೋ ಲೀಬರ್‌ಮನ್ ಅವರ ಕಡೆಗೆ. ಆದರೆ ಗರ್ಭಪಾತದ ಪ್ರಶ್ನೆಯಲ್ಲಿ ಲೀಬರ್‌ಮನ್ ನಿಲುವು ಬೇರೆಯಾಗಿದ್ದುದರಿಂದ ಅಭ್ಯರ್ಥಿಗಳನ್ನು ಅಧಿಕೃತವಾಗಿ ಆರಿಸುವ ಪಕ್ಷದ ಸಮಾವೇಶದಲ್ಲಿ ಬಂಡಾಯವೇ ಏಳಬಹುದೆಂದು ಸಲಹೆಗಾರರು ಎಚ್ಚರಿಸಿದರು. ತಾನು ಲೀಬರ್‌ಮನ್ ಅವರನ್ನೇ ಆರಿಸಬೇಕಿತ್ತೆಂದು ಮೆಕೇನ್ ತಮ್ಮ ಕೊನೆಯ ದಿನಗಳಲ್ಲಿ ಹೇಳಿಕೊಂಡರು. ಮುಂದಿನ ಟಿವಿ ಸಂದರ್ಶನಗಳಲ್ಲಿ ಪೇಲಿನ್ ತಡವರಿಸಿದ್ದನ್ನು ಜಗತ್ತೇ ನೋಡಿತು. ಅದರ ಹೊಣೆಯನ್ನು ಆಕೆಯ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ರಾಷ್ಟ್ರಮಟ್ಟದ ಪ್ರಶ್ನೆಗಳಿಗೆ ಸಿದ್ಧವಾಗಲು ಯಾರಿಗಾದರೂ ವರ್ಷಗಳು ಬೇಕು. ಆಕೆಗೆ ಸಿಕ್ಕಿದ್ದು ಕೆಲವೇ ವಾರಗಳು.

ಅರ್ಹತೆ ಎಂದರೆ ಏನು ಎಂಬುದನ್ನು ತಿಳಿಯಲು ಆ ಹುದ್ದೆಯ ಸ್ವರೂಪವನ್ನೇ ನೋಡಬೇಕು. ಅಮೆರಿಕದ ಸಂವಿಧಾನ ಉಪಾಧ್ಯಕ್ಷರಿಗೆ ಕೊಟ್ಟಿರುವ ನಿತ್ಯದ ಕೆಲಸ ಬಹಳ ಕಡಿಮೆ. ಸೆನೆಟ್ ಸಭೆಯ ಅಧ್ಯಕ್ಷತೆ ವಹಿಸುವುದು ಮತ್ತು ಮತಗಳು ಸಮವಾದಾಗ ನಿರ್ಣಾಯಕ ಮತ ಹಾಕುವುದು, ಇಷ್ಟೇ. ಆದರೆ ಅಧ್ಯಕ್ಷರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಅದೇ ಕ್ಷಣ ಇವರು ಅಧ್ಯಕ್ಷರಾಗುತ್ತಾರೆ. ಹೀಗೆ ನಡುವೆಯೇ ಗಾದಿಗೆ ಬಂದವರು ಇದುವರೆಗೆ ಒಂಬತ್ತು ಮಂದಿ: ಎಂಟು ಮಂದಿ ಅಧ್ಯಕ್ಷರ ಸಾವಿನಿಂದ, ಒಬ್ಬರು ರಾಜೀನಾಮೆಯಿಂದ. ನಮ್ಮ ವ್ಯವಸ್ಥೆಯಲ್ಲಿ ಹಾಗಿಲ್ಲ. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ, ಉಪರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿ ಸೀಮೆಯ ಸಾವಳಗಿಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿ ಜುಲೈ 25ರವರೆಗೆ ಮಾತ್ರ ಇದ್ದರು. ಅಷ್ಟು ಅಲ್ಪಾವಧಿಯಲ್ಲೂ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಡತ ಅವರ ಮೇಜಿಗೆ ಬಂತು, ಸಹಿ ಹಾಕುವ ಮುನ್ನ ಅವರು ತಡೆದು ಯೋಚಿಸಿದ್ದು ದೊಡ್ಡ ಸುದ್ದಿಯಾಯಿತು. ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಬೇಕೆಂಬ ನಿಯಮವಿರುವ ನಮ್ಮಲ್ಲೇ ಹೀಗಾದರೆ, ಮೂರು ಮುಕ್ಕಾಲು ವರ್ಷ ಉಳಿದಿರುವಾಗಲೂ ಪೂರ್ತಿ ಅಧಿಕಾರ ಕೈಗೆ ಬರುವ ಅಮೆರಿಕದಲ್ಲಿ ಎರಡನೆಯ ಹೆಸರನ್ನು ಎಷ್ಟು ಜೋಪಾನವಾಗಿ ಆರಿಸಬೇಕು!

ಈ ಮಾತು ಎರಡೂ ಪಕ್ಷಗಳಿಗೆ ಅನ್ವಯಿಸುತ್ತದೆ, ನಿಜ. ಆದರೂ ಸಂಪ್ರದಾಯವಾದಿ ಪಕ್ಷವಾದ ರಿಪಬ್ಲಿಕನ್ ಪಕ್ಷಕ್ಕೆ ನಾನು ಇದನ್ನು ಹೆಚ್ಚು ಒತ್ತಿ ಹೇಳುತ್ತೇನೆ. ಇರುವ ಸಂಸ್ಥೆಗಳನ್ನು ಕಾಪಾಡಬೇಕು, ಆತುರದ ಬದಲಾವಣೆ ಬೇಡ, ಅನುಭವಕ್ಕೆ ಬೆಲೆ ಕೊಡಬೇಕು ಎಂದು ಜನರ ಮುಂದೆ ಹೇಳಿಕೊಳ್ಳುವ ಪಕ್ಷ ಅದು. ಆ ತತ್ತ್ವಗಳ ಬಗ್ಗೆ ನನಗೆ ಗೌರವವಿದೆ. ಆದ್ದರಿಂದಲೇ ಸ್ಪೈರೊ ಆಗ್ನ್ಯೂ ಅವರ ಪ್ರಕರಣ ನನ್ನನ್ನು ಹೆಚ್ಚು ಕಾಡುತ್ತದೆ.

1968ರಲ್ಲಿ ಅಧ್ಯಕ್ಷ ಅಭ್ಯರ್ಥಿ ರಿಚರ್ಡ್ ನಿಕ್ಸನ್ ಆಗ್ನ್ಯೂ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದಾಗ ಅವರು ಮೇರಿಲ್ಯಾಂಡ್‌ನ ಗವರ್ನರ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಅದಕ್ಕೆ ಮೊದಲು ಅವರು ಬಾಲ್ಟಿಮೋರ್ ಕೌಂಟಿಯ ಆಡಳಿತದ ಮುಖ್ಯಸ್ಥರಾಗಿದ್ದರು. ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ಬೇಡವೆನಿಸದ ಹೆಸರು ಎಂಬುದೇ ಅವರ ದೊಡ್ಡ ಯೋಗ್ಯತೆಯಾಗಿತ್ತು. ಕೌಂಟಿಯ ದಿನಗಳಿಂದಲೂ ಅವರು ಗುತ್ತಿಗೆ ಪಡೆದವರಿಂದ ಹಣ ತೆಗೆದುಕೊಳ್ಳುತ್ತಿದ್ದರೆಂದು 1973ರಲ್ಲಿ ಬಾಲ್ಟಿಮೋರ್‌ನ ಸರ್ಕಾರಿ ವಕೀಲರು ಪತ್ತೆ ಹಚ್ಚಿದರು. ಉಪಾಧ್ಯಕ್ಷರಾದ ಮೇಲೂ ನಗದು ತುಂಬಿದ ಲಕೋಟೆಗಳು ಅವರ ಕೈ ಸೇರಿದ್ದವು. ಅಕ್ಟೋಬರ್ 10ರಂದು ಅವರು ರಾಜೀನಾಮೆ ಕೊಟ್ಟು, ಅದೇ ದಿನ ನ್ಯಾಯಾಲಯದಲ್ಲಿ ತೆರಿಗೆ ವಂಚನೆಯ ಆರೋಪವನ್ನು ತಾವು ವಿರೋಧಿಸುವುದಿಲ್ಲವೆಂದು ಹೇಳಿದರು. 10,000 ಡಾಲರ್ ದಂಡ ಬಿತ್ತು. ಹತ್ತು ತಿಂಗಳ ನಂತರ, 1974ರ ಆಗಸ್ಟ್ 9ರಂದು, ನಿಕ್ಸನ್ ಅವರೇ ಅಧಿಕಾರ ಬಿಟ್ಟು ಹೋದರು. ತನಿಖೆ ಅಷ್ಟರಲ್ಲಿ ಮುಗಿಯದಿದ್ದರೆ ಲಕೋಟೆ ತೆಗೆದುಕೊಂಡ ಕೈಯೇ ಬೈಬಲ್ ಮೇಲಿಟ್ಟು ಅಧ್ಯಕ್ಷರ ಪ್ರಮಾಣ ಮಾಡುತ್ತಿತ್ತು.

ಆಗ್ನ್ಯೂ ಬಿಟ್ಟುಹೋದ ಸ್ಥಾನವನ್ನು ತುಂಬಲು ದಾರಿ ತೋರಿದ್ದು 1967ರಲ್ಲಷ್ಟೇ ಜಾರಿಗೆ ಬಂದ, ಅಮೆರಿಕದ ಸಂವಿಧಾನದ 25ನೆಯ ತಿದ್ದುಪಡಿ. ತೆರವಾದ ಉಪಾಧ್ಯಕ್ಷ ಸ್ಥಾನಕ್ಕೆ ಅಧ್ಯಕ್ಷರು ಒಂದು ಹೆಸರು ಸೂಚಿಸಬೇಕು, ಕಾಂಗ್ರೆಸ್ಸಿನ ಎರಡೂ ಸದನಗಳು ಬಹುಮತದಿಂದ ಅದನ್ನು ಒಪ್ಪಬೇಕು. ಜೆರಾಲ್ಡ್ ಫೋರ್ಡ್ ಹೀಗೆ ಬಂದರು. ಎಫ್‌ಬಿಐ ಅವರ ಬದುಕನ್ನೆಲ್ಲ ಜಾಲಾಡಿತು, ಸಮಿತಿಗಳು ಬಹಿರಂಗವಾಗಿ ಪ್ರಶ್ನೆ ಕೇಳಿದವು, ಕೊನೆಗೆ ಸೆನೆಟ್ 92–3, ಕೆಳಮನೆ 387–35 ಮತಗಳಿಂದ ಒಪ್ಪಿಗೆ ಕೊಟ್ಟವು. ಫೋರ್ಡ್ ಅಧ್ಯಕ್ಷರಾದ ಮೇಲೆ ಸೂಚಿಸಿದ ನೆಲ್ಸನ್ ರಾಕ್‌ಫೆಲರ್ ಅವರ ಪರೀಕ್ಷೆ ನಾಲ್ಕು ತಿಂಗಳು ನಡೆಯಿತು. ಅವರ ಮನೆತನದ ಸಂಪತ್ತು, ಕೊಟ್ಟ ಉಡುಗೊರೆ, ಸಾಲ, ಎಲ್ಲವೂ ಸಭೆಯ ಮುಂದೆ ಬಂದವು. ಅಂದರೆ ನಡುವೆ ಬರುವ ಉಪಾಧ್ಯಕ್ಷರಿಗೆ ಬಾಗಿಲು ಇಷ್ಟು ಕಿರಿದು. ಚುನಾವಣೆಯ ಮೂಲಕ ಬರುವವರಿಗೋ, ಅಭ್ಯರ್ಥಿ ನೇಮಿಸಿದ ವಕೀಲರ ಗುಟ್ಟಿನ ಪ್ರಶ್ನಾವಳಿ, ಒಂದೆರಡು ಭೇಟಿ, ಆಮೇಲೆ ಸಮಾವೇಶದ ಜೈಕಾರ. ಒಂದೇ ಕುರ್ಚಿಗೆ ಎರಡು ಬಗೆಯ ಪರೀಕ್ಷೆ ಏಕಿರಬೇಕು ಎಂಬುದು ನನ್ನ ಪ್ರಶ್ನೆ.

ಆ ಪಕ್ಷದ ಇತಿಹಾಸದಲ್ಲಿ ನನಗೆ ಅತ್ಯಂತ ಸಮರ್ಪಕವೆನಿಸುವ ಆಯ್ಕೆ 1980ರದು, ಅದೂ ಕೊನೆಯ ಗಳಿಗೆಯಲ್ಲಿ ಆದದ್ದು. ಡೆಟ್ರಾಯಿಟ್ ಸಮಾವೇಶದಲ್ಲಿ ರೊನಾಲ್ಡ್ ರೇಗನ್ ಮತ್ತು ಮಾಜಿ ಅಧ್ಯಕ್ಷ ಫೋರ್ಡ್ ಅವರ ನಡುವೆ, ಫೋರ್ಡ್ ಉಪಾಧ್ಯಕ್ಷ ಅಭ್ಯರ್ಥಿಯಾಗುವ ಬಗ್ಗೆ ನಡೆದಿದ್ದ ಮಾತುಕತೆ ಮುರಿದುಬಿದ್ದ ರಾತ್ರಿ ರೇಗನ್ ಫೋನ್ ಮಾಡಿದ್ದು ಜಾರ್ಜ್ ಬುಷ್ ಅವರಿಗೆ. ಬುಷ್ ಕೆಳಮನೆಯ ಸದಸ್ಯರಾಗಿದ್ದವರು, ವಿಶ್ವಸಂಸ್ಥೆಯಲ್ಲಿ ರಾಯಭಾರಿಯಾಗಿದ್ದವರು, ಬೀಜಿಂಗ್‌ನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದವರು, ಗುಪ್ತಚರ ಸಂಸ್ಥೆ ಸಿಐಎಯನ್ನು ನಡೆಸಿದವರು. ಅದಕ್ಕಿಂತ ಮುಖ್ಯವಾಗಿ, ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ಪಕ್ಷದೊಳಗೆ ನಡೆಯುವ ಆ ವರ್ಷದ ಪ್ರಾಥಮಿಕ ಚುನಾವಣೆಗಳಲ್ಲಿ ರೇಗನ್ ವಿರುದ್ಧವೇ ಹೋರಾಡಿ ಅಯೋವಾದಲ್ಲಿ ಗೆದ್ದು, ರೇಗನ್ ಆರ್ಥಿಕ ನೀತಿಯನ್ನು ಮಾಟಮಂತ್ರದ ಅರ್ಥಶಾಸ್ತ್ರವೆಂದು ಹಳಿದು, ತಿಂಗಳುಗಟ್ಟಲೆ ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರಿಸಿ, ಕೊನೆಗೆ ಸೋತವರು. ಪಕ್ಷದ ಮತದಾರರಿಗೆ ಅವರ ಬಲವೂ ಬಲಹೀನತೆಯೂ ಗೊತ್ತಿದ್ದವು.

ಆ ಆಯ್ಕೆಯ ಬೆಲೆ ತಿಳಿದದ್ದು 1981ರ ಮಾರ್ಚ್ 30ರಂದು. ವಾಷಿಂಗ್ಟನ್‌ನಲ್ಲಿ ರೇಗನ್ ಅವರಿಗೆ ಗುಂಡು ತಗುಲಿದಾಗ ಬುಷ್ ಟೆಕ್ಸಾಸ್‌ನ ಆಕಾಶದಲ್ಲಿದ್ದರು. ವಿಮಾನ ರಾಜಧಾನಿಗೆ ಮರಳಿದಾಗ ಸಂಜೆಯಾಗಿತ್ತು. ಹೆಲಿಕಾಪ್ಟರ್‌ನಲ್ಲಿ ನೇರವಾಗಿ ಶ್ವೇತಭವನದ ದಕ್ಷಿಣದ ಹುಲ್ಲುಹಾಸಿನ ಮೇಲೆ ಇಳಿಯಬಹುದೆಂದು ಜೊತೆಯಲ್ಲಿದ್ದವರು ಸೂಚಿಸಿದರು. ಸಮಯ ಉಳಿಯುತ್ತಿತ್ತು, ಟಿವಿಯಲ್ಲಿ ಚಿತ್ರವೂ ಭರ್ಜರಿಯಾಗಿರುತ್ತಿತ್ತು. ಅಲ್ಲಿ ಇಳಿಯಬೇಕಾದವರು ಅಧ್ಯಕ್ಷರು ಮಾತ್ರ ಎಂದು ಬುಷ್ ಒಪ್ಪಲಿಲ್ಲ. ತಮ್ಮ ನಿವಾಸದ ಬಳಿ ಇಳಿದು, ಅಲ್ಲಿಂದ ಕಾರಿನಲ್ಲಿ ಶ್ವೇತಭವನಕ್ಕೆ ಹೋದರು. ಆಸ್ಪತ್ರೆಯಲ್ಲಿ ಅಧ್ಯಕ್ಷರು ಜೀವಂತವಾಗಿರುವಾಗ ಅವರ ಅಂಗಳದಲ್ಲಿ ಇನ್ನೊಬ್ಬರು ಇಳಿಯುವುದನ್ನು ದೇಶ ನೋಡಬಾರದೆಂಬ ಆ ಎಚ್ಚರವನ್ನು ಯಾವ ಪ್ರಶ್ನಾವಳಿಯೂ ಅಳೆಯಲಾರದು. ಆದರೆ ಬಹಳ ವರ್ಷ ಸಾರ್ವಜನಿಕ ಹುದ್ದೆಗಳಲ್ಲಿ ದುಡಿದವರಲ್ಲಿ ಅದು ಇದೆಯೋ ಇಲ್ಲವೋ ಎಂಬುದು ಹತ್ತಿರದಿಂದ ನೋಡಿದವರಿಗೆ ತಿಳಿದಿರುತ್ತದೆ.

ಅದೇ ಬುಷ್ 1988ರಲ್ಲಿ ತಾವೇ ಆರಿಸುವಾಗ ಮನಸ್ಸಿನಲ್ಲಿದ್ದುದನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡು, ನ್ಯೂ ಆರ್ಲಿಯನ್ಸ್‌ನ ನದೀತೀರದಲ್ಲಿ 41 ವರ್ಷದ ಡ್ಯಾನ್ ಕ್ವೇಲ್ ಅವರನ್ನು ಥಟ್ಟನೆ ಜನರ ಮುಂದೆ ತಂದು ನಿಲ್ಲಿಸಿದರು. ಕ್ವೇಲ್ ಸಂಸದೀಯ ಅನುಭವವಿಲ್ಲದ ಹುಡುಗನೇನಲ್ಲ, ಎರಡು ಬಾರಿ ಸೆನೆಟ್‌ಗೆ ಗೆದ್ದವರು. ಆದರೂ ಮೊದಲ ವಾರದ ಗೊಂದಲ ಅವರ ಹೆಸರಿಗೆ ಕೊನೆಯವರೆಗೂ ಅಂಟಿಕೊಂಡಿತು. 2000ದಲ್ಲಿ ಬುಷ್ ಅವರ ಮಗ ಜಾರ್ಜ್ ಡಬ್ಲ್ಯು. ಬುಷ್ ಸ್ಪರ್ಧಿಸಿದಾಗ ಉಪಾಧ್ಯಕ್ಷ ಅಭ್ಯರ್ಥಿಯ ಹುಡುಕಾಟದ ಹೊಣೆ ಹೊತ್ತಿದ್ದ ಡಿಕ್ ಚೇನಿಯವರೇ ಕೊನೆಗೆ ಅಭ್ಯರ್ಥಿಯಾದರು. ಅವರ ಅನುಭವದ ಬಗ್ಗೆ ಯಾರೂ ಚಕಾರ ಎತ್ತಲಾರರು, ಆದರೆ ಪರೀಕ್ಷಕರೇ ಪರೀಕ್ಷೆಗೆ ಕುಳಿತರೆ ಅಂಕ ಕೊಡುವವರು ಯಾರು? 2024ರ ಜುಲೈ 15ರಂದು, ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಮೇಲೆ ಗುಂಡು ಹಾರಿದ ಎರಡೇ ದಿನಗಳಲ್ಲಿ, 39 ವರ್ಷದ ಜೆ.ಡಿ. ವ್ಯಾನ್ಸ್ ಅವರ ಹೆಸರು ಹೊರಬಿತ್ತು. ಅವರು ಸೆನೆಟ್‌ಗೆ ಬಂದು ಒಂದೂವರೆ ವರ್ಷವಾಗಿತ್ತು. ಅಧ್ಯಕ್ಷ ಅಭ್ಯರ್ಥಿಗೆ 78 ವರ್ಷ, ಕಿವಿಗೆ ಪಟ್ಟಿ. ಎರಡನೆಯ ಹೆಸರಿನ ಮಹತ್ವ ಅದಕ್ಕಿಂತ ಕಣ್ಣಿಗೆ ಕಟ್ಟುವಂತೆ ಎಂದೂ ಕಂಡಿರಲಿಲ್ಲ, ಆದರೂ ಆಯ್ಕೆಯ ಕ್ರಮ ಹಳೆಯದೇ ಆಗಿತ್ತು.

ಟ್ರಂಪ್ ಅವರ ಮೊದಲ ಅವಧಿಯ ಉಪಾಧ್ಯಕ್ಷ ಮೈಕ್ ಪೆನ್ಸ್ ಅವರ ವಿಚಾರವನ್ನೂ ಹೇಳಬೇಕು. 2021ರ ಜನವರಿ 6ರಂದು ಅಧ್ಯಕ್ಷ ಚುನಾವಣೆಯ ಮತಗಳ ಎಣಿಕೆಯನ್ನು ಒಬ್ಬರೇ ತಡೆಯುವ ಅಧಿಕಾರ ತಮಗಿಲ್ಲವೆಂದು ಅವರು ಪತ್ರದಲ್ಲಿ ಬರೆದು, ತಮ್ಮ ಅಧ್ಯಕ್ಷರ ಒತ್ತಾಯವನ್ನು ಮೀರಿ ಎಣಿಕೆ ಮುಗಿಸಿದರು. ಅವರ ಪಕ್ಷದಲ್ಲಿ ಇದನ್ನು ದ್ರೋಹವೆಂದವರಿದ್ದಾರೆ. ನಾನು ಇದನ್ನು ಅರ್ಹತೆಯ ಪಟ್ಟಿಯಲ್ಲಿ ಮೊದಲಿಗೇ ಬರೆಯುತ್ತೇನೆ. ತನ್ನನ್ನು ಆರಿಸಿದವರಿಗೆ ನಿಷ್ಠೆ ಎಲ್ಲಿಯವರೆಗೆ, ಸಂವಿಧಾನಕ್ಕೆ ನಿಷ್ಠೆ ಎಲ್ಲಿಂದ ಎಂಬ ಪ್ರಶ್ನೆಯನ್ನು ಆಯ್ಕೆಗೆ ಮೊದಲೇ ಎಲ್ಲರೆದುರು ಕೇಳುವಂತಿರಬೇಕು.

ಇದಕ್ಕೊಂದು ದಾರಿ ಆ ಪಕ್ಷದ ಎದುರಿಗೆ ಒಮ್ಮೆ ಬಂದಿತ್ತು. 1976ರಲ್ಲಿ ಫೋರ್ಡ್ ವಿರುದ್ಧ ಸ್ಪರ್ಧಿಸುತ್ತಿದ್ದ ರೇಗನ್, ಸಮಾವೇಶಕ್ಕೆ ಮೂರು ವಾರ ಇರುವಾಗಲೇ ಪೆನ್ಸಿಲ್ವೇನಿಯಾದ ಸೆನೆಟರ್ ರಿಚರ್ಡ್ ಶ್ವೈಕರ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯೆಂದು ಪ್ರಕಟಿಸಿದರು. ಕಾನ್ಸಾಸ್ ಸಿಟಿಯ ಸಮಾವೇಶದಲ್ಲಿ ಅವರ ಕಡೆಯವರು ಒಂದು ನಿಯಮವನ್ನೂ ಮಂಡಿಸಿದರು: ಪ್ರತಿನಿಧಿಗಳು ಮತ ಹಾಕುವ ಮೊದಲೇ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಎರಡನೆಯ ಹೆಸರನ್ನು ಹೇಳಬೇಕು. ಫೋರ್ಡ್ ಅವರನ್ನು ಇಕ್ಕಟ್ಟಿಗೆ ಸಿಲುಕಿಸುವ ತಂತ್ರ ಅದಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನಿಯಮದ ತಿರುಳು ಸರಿಯಾಗಿತ್ತು. ಆ ಮೂರು ವಾರಗಳಲ್ಲಿ ಶ್ವೈಕರ್ ಅವರ ಉದಾರವಾದಿ ನಿಲುವುಗಳು ಪಕ್ಷದೊಳಗೆ ಚರ್ಚೆಯಾದವು, ದಕ್ಷಿಣದ ಪ್ರತಿನಿಧಿಗಳು ಕೋಪಿಸಿಕೊಂಡರು, ಅವರ ಎದುರು ಕುಳಿತು ಶ್ವೈಕರ್ ಉತ್ತರ ಕೊಟ್ಟರು. ಯಾರಿಗೆ ಮತ ಹಾಕುತ್ತಿದ್ದೇವೆ ಎಂಬುದು ಪ್ರತಿನಿಧಿಗಳಿಗೆ ಗೊತ್ತಿತ್ತು. ಪಕ್ಕದ ಮನೆಯ ಹಿರಿಯರಿಗೂ ಅಷ್ಟೇ ಬೇಕಾಗಿದ್ದದ್ದು. ಆ ನಿಯಮಕ್ಕೆ ಪರವಾಗಿ 1,069 ಮತಗಳೂ ವಿರುದ್ಧವಾಗಿ 1,180 ಮತಗಳೂ ಬಿದ್ದವು. 56 ಪ್ರತಿನಿಧಿಗಳು ಮನಸ್ಸು ಬದಲಾಯಿಸಿದ್ದರೆ ಅದು ಗೆಲ್ಲುತ್ತಿತ್ತು.