ಚೀಲಕ್ಕೆ ಒಂದು ಕೆಜಿ

ಕಾಫಿ ಕೊಯ್ಲು ಟೈಮಲ್ಲಿ ನಮ್ಮ ಕಡೆ ಸಂಜೆ ಐದು ಗಂಟೆ ಅಂದ್ರೆ ತೂಕದ ಹೊತ್ತು. ಹಣ್ಣು ಬಿಡಿಸಿದೋರು ಚೀಲ ಹೊತ್ಕೊಂಡು ಕಣದ ಹತ್ರ ಬರ್ತಾರೆ, ಒಬ್ಬೊಬ್ಬರದ್ದೇ ತಕ್ಕಡಿಗೆ ಹಾಕಿ ಬುಕ್ಕಲ್ಲಿ ಬರ್ಕೊಳ್ಳೋದು. ನಂದೇನು ದೊಡ್ಡ ಎಸ್ಟೇಟಲ್ಲ, ಸಕಲೇಶಪುರದ ಕಡೆ ಆರೆಕರೆ, ಮೇಲುಗಡೆ ಅರೇಬಿಕಾ, ಕೆಳಗೆ ರೋಬಸ್ಟಾ, ಮರಕ್ಕೆಲ್ಲಾ ಮೆಣಸು ಬಳ್ಳಿ. ರೈಟರ್ ಇಟ್ಕೊಳ್ಳೋ ಅಷ್ಟು ತೋಟ ಅಲ್ಲ, ಹಾಗಾಗಿ ಬುಕ್ಕು ಪೆನ್ನು ತಕ್ಕಡಿ ಎಲ್ಲಾ ನನ್ನ ಕೈಲೇ.

ಕೂಲಿ ಕೆಜಿ ಲೆಕ್ಕ. ಅದ್ರಲ್ಲಿ ಒಂದು ಪದ್ಧತಿ ಇದೆ, ಚೀಲಕ್ಕೆ ಒಂದು ಕೆಜಿ ಕಳೆಯೋದು. ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಚೀಲದ ತೂಕ, ಎಲೆ ಕಡ್ಡಿ, ಹಸಿರು ಕಾಯಿ, ಬೆಳಗಿನ ಇಬ್ಬನಿ ನೀರು ಅಂತ ಹತ್ತು ಕಾರಣ ಬಾಯಲ್ಲೇ ಇತ್ತು, ಆದ್ರೆ ಯಾರೂ ಕೇಳ್ತಿರ್ಲಿಲ್ಲ. ಅಪ್ಪ ಕಳೀತಿದ್ರು, ನಾನೂ ಕಳೀತಿದ್ದೆ. ಖಾಲಿ ಪ್ಲಾಸ್ಟಿಕ್ ಚೀಲ ಎಷ್ಟು ತೂಗುತ್ತೆ ಅಂತ ಒಂದು ದಿನಾನೂ ತಕ್ಕಡಿಗೆ ಹಾಕಿ ನೋಡಿದವನಲ್ಲ.

ಈಗ ಚರ್ಚಿನ ವಿಷಯ. ನಾವು ಕ್ಯಾಥೊಲಿಕ್ಕರು, ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತೆ, ಹೋದ ಸಲ 2022ರಲ್ಲಿ ಓದಿದ್ದು 2025ರಲ್ಲಿ ಮತ್ತೆ ಬಂತು. ಸೆಪ್ಟೆಂಬರ್ 21ರ ಭಾನುವಾರ ಮೊದಲನೇ ವಾಚನ ಓದೋ ಸರದಿ ನಂದು. ಬೈಬಲಿನ ಪ್ರವಾದಿ ಆಮೋಸನ ಪುಸ್ತಕ, ಎಂಟನೇ ಅಧ್ಯಾಯ, ನಾಲ್ಕರಿಂದ ಏಳನೇ ವಚನ. ಸಣ್ಣದೇ, ಒಂದು ನಿಮಿಷ ಆಗಲ್ಲ ಓದೋಕೆ. ಅಮಾವಾಸ್ಯೆ ಯಾವಾಗ ಮುಗಿಯುತ್ತೋ, ಸಬ್ಬತ್ತಿನ ವಿಶ್ರಾಂತಿ ದಿನ ಯಾವಾಗ ಕಳೆಯುತ್ತೋ, ಮುಗಿದ್ರೆ ಸಾಕು ಧಾನ್ಯದ ವ್ಯಾಪಾರ ಶುರು ಮಾಡೋಣ, ಅಳತೆ ಚಿಕ್ಕದು ಮಾಡೋಣ, ತೂಕದ ಕಲ್ಲು ದೊಡ್ಡದು ಮಾಡೋಣ, ತಕ್ಕಡಿಲಿ ಮೋಸ ಮಾಡೋಣ, ಒಂದು ಜೊತೆ ಚಪ್ಪಲಿಗೆ ಬಡವನನ್ನೇ ಕೊಂಡ್ಕೊಳ್ಳೋಣ, ಗೋಧಿ ಹೊಟ್ಟನ್ನೂ ಬಿಡದೆ ಮಾರೋಣ ಅಂತ ಲೆಕ್ಕ ಹಾಕ್ತಾ ಕೂತಿರೋರಿಗೆ ಆಮೋಸ ಹೇಳೋ ಮಾತು. ಇವರು ಮಾಡಿದ್ದನ್ನ ನಾನು ಯಾವತ್ತೂ ಮರೆಯಲ್ಲ ಅಂತ ದೇವರು ಆಣೆ ಇಡ್ತಾನೆ, ಅಲ್ಲಿಗೆ ವಾಚನ ಮುಗಿಯುತ್ತೆ.

ಚೆನ್ನಾಗಿ ಓದಿದೆ. ಪೂಜೆ ಆದ್ಮೇಲೆ ಹಿರಿಯರೊಬ್ಬರು ಬಂದು ಏನ್ ಕಂಠ ಮಾರಾಯ ನಿಂದು ಅಂದ್ರು. ನಿಜ ಹೇಳ್ಬೇಕಂದ್ರೆ ಆ "ತಕ್ಕಡಿ" ಅನ್ನೋ ಪದ ಬಂದಾಗ ನಾನು ಸ್ವಲ್ಪ ಜೋರಾಗೇ ಓದಿದ್ದೆ, ಯಾಕಂದ್ರೆ ತಲೇಲಿ ಇದ್ದಿದ್ದು ನಮ್ಮ ಕಾಫಿ ತಗೊಳ್ಳೋ ವ್ಯಾಪಾರಿ. ಹಿಂದಿನ ವರ್ಷ ಮಾಯಿಶ್ಚರ್ ಜಾಸ್ತಿ ಇದೆ ಅಂತ ಅವ್ನು ಕಡಿದಿದ್ದು ನಂಗೆ ಮರೆತಿರ್ಲಿಲ್ಲ. ಕೇಳಿಸ್ಕೊಳ್ಳಪ್ಪಾ ಅನ್ನೋ ಹಾಗೆ ಓದಿದ್ದು. ಅವ್ನು ಚರ್ಚಿಗೆ ಬರೋನೂ ಅಲ್ಲ, ಕ್ರೈಸ್ತನೂ ಅಲ್ಲ ಅನ್ನೋದು ಬೇರೆ ಮಾತು.

ಪ್ರವಾದಿ ಅಂದ್ರೆ ನಮ್ಮ ಜನಕ್ಕೆ ಮುಂದಾಗೋದು ಹೇಳೋನು. ಸಂಬಂಧಿಕರ ಮನೇಲಿ ಒಂದ್ಸಲ ಪ್ರಾರ್ಥನಾ ಕೂಟ ಇತ್ತು, ಹೊರಗಿನಿಂದ ಒಬ್ರು ಬಂದಿದ್ರು, ಕಣ್ಣು ಮುಚ್ಕೊಂಡು ಒಬ್ಬೊಬ್ಬರ ತಲೆ ಮೇಲೆ ಕೈ ಇಟ್ಟು ವೀಸಾ ಆಗುತ್ತೆ, ಗಂಡು ಮಗು ಆಗುತ್ತೆ ಅಂತ ಹೇಳ್ಕೊಂಡು ಬಂದ್ರು, ನನ್ನ ತಲೆ ಮೇಲೆ ಕೈ ಇಟ್ಟು ಮೂರು ತಿಂಗಳಲ್ಲಿ ಬಿಳಿ ಕಾರು ಅಂದ್ರು. ನಾಲ್ಕು ವರ್ಷ ಆಯ್ತು, ನಂದಿನ್ನೂ ಅದೇ ಕೆಂಪು ಓಮ್ನಿ. ನಗೋಕಲ್ಲ ಹೇಳ್ತಿರೋದು, ಆ ರಾತ್ರಿ ಶೋರೂಮ್ ರೇಟೆಲ್ಲಾ ಫೋನಲ್ಲಿ ನೋಡ್ಕೊಂಡು ಮಲಗಿದವನು ನಾನೇ.

ಇನ್ನೊಬ್ಬ ಪ್ರವಾದಿ ಯೆರೆಮೀಯನ ಪುಸ್ತಕದ 29:11 ಇದ್ಯಲ್ಲ, ನಿಮಗೆ ಒಳ್ಳೇ ಭವಿಷ್ಯ ಇದೆ ನಿರೀಕ್ಷೆ ಇದೆ ಅನ್ನೋದು, ಅದು ಕ್ಯಾಲೆಂಡರಲ್ಲಿ, ಗೂಡ್ಸ್ ಆಟೋ ಹಿಂದೆ, ವಾಟ್ಸಾಪ್ ಸ್ಟೇಟಸ್ಸಲ್ಲಿ, ಎಲ್ಲಾ ಕಡೆ. ಅದರ ಮೇಲಿನ ಹತ್ತನೇ ವಚನ ಯಾರೂ ಹಾಕಲ್ಲ. ಅದ್ರಲ್ಲಿ 70 ವರ್ಷ ಆದ್ಮೇಲೆ ಅಂತ ಇದೆ! ಬಾಬಿಲೋನಿಗೆ ಸೆರೆ ಹೋದೋರಿಗೆ ಬರೆದ ಕಾಗದ ಅದು, ಓದಿದವರಲ್ಲಿ ಮುಕ್ಕಾಲು ಪಾಲು ಜನ ವಾಪಸ್ ಊರು ನೋಡೋ ಚಾನ್ಸೇ ಇರ್ಲಿಲ್ಲ. ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಮಾಡ್ಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿಗೋಸ್ಕರನೇ ಪ್ರಾರ್ಥನೆ ಮಾಡಿ ಅಂತಾನೆ ಯೆರೆಮೀಯ. ಇದನ್ನ ಓದಿದಾಗೆಲ್ಲಾ ನಂಗೆ ನನ್ನ ಅಜ್ಜಿ ನೆನಪಾಗ್ತಾಳೆ. ಶೆಟ್ಟಿಹಳ್ಳಿ ಕಡೆಯೋಳು. ಗೊರೂರಲ್ಲಿ ಹೇಮಾವತಿಗೆ ಡ್ಯಾಮ್ ಕಟ್ಟಿದಾಗ ಮುಳುಗಿದ ಜಾಗ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ದೇವಾಲಯ ಮಳೆಗಾಲದಲ್ಲಿ ನೀರೊಳಗೆ, ಬೇಸಿಗೇಲಿ ಹೊರಗೆ, ಈಗ ಅಲ್ಲಿ ಪ್ರೀವೆಡ್ಡಿಂಗ್ ಫೋಟೋ ತೆಗೆಸ್ಕೊಳ್ಳೋರ ಜಾತ್ರೆ. ಅಜ್ಜಿಗೆ ಯಾವ ಪ್ರವಾದಿನೂ ಬಂದು ಏನೂ ಹೇಳಿರ್ಲಿಲ್ಲ. ಹೊಸ ಜಾಗಕ್ಕೆ ಬಂದು ಮೊದಲು ಒಂದು ಕರಿಬೇವಿನ ಸಸಿ ನೆಟ್ಳಂತೆ, ಆಮೇಲೆ ಒಲೆ ಹೂಡಿದ್ಳಂತೆ.

ಎಲ್ಲಿಂದ ಎಲ್ಲಿಗೋ ಹೋದೆ. ಆಮೋಸಂಗೆ ಬರ್ತೀನಿ.

ನನಗೆ ಪ್ರವಾದಿಗಳಲ್ಲೆಲ್ಲಾ ಇವನೇ ಹತ್ತಿರ, ಯಾಕಂದ್ರೆ ಇವ್ನು ತೋಟದೋನು. ಬೇತೆಲಿನ ಯಾಜಕ ಅಮಚ್ಯ ಇವನಿಗೆ ಇಲ್ಲಿಂದ ಹೋಗು, ಯೂದಾಯಕ್ಕೆ ಹೋಗಿ ಅಲ್ಲಿ ಪ್ರವಾದನೆ ಹೇಳ್ಕೊಂಡು ಹೊಟ್ಟೆ ಹೊರ್ಕೋ, ಇದು ರಾಜನ ದೇವಾಲಯ ಅಂತ ಗದರಿಸ್ತಾನೆ. ಅದಕ್ಕೆ ಆಮೋಸ, ನಾನು ಪ್ರವಾದಿನೂ ಅಲ್ಲ ಪ್ರವಾದಿ ಮಗನೂ ಅಲ್ಲ, ಕುರಿ ಕಾಯೋನು, ಅತ್ತಿಹಣ್ಣಿನ ಕೆಲಸ ಮಾಡೋನು ಅಂತಾನೆ. ಊರು ತೆಕೋವ, ಬೆತ್ಲೆಹೇಮಿನಿಂದ ಸ್ವಲ್ಪ ದಕ್ಷಿಣಕ್ಕೆ. ಆ ಕಡೆಯ ಅತ್ತಿ ನಮ್ಮ ಕಾಫಿ ತೋಟದಲ್ಲಿ ನೆರಳಿಗೆ ಬಿಟ್ಕೊಂಡಿರೋ ಅತ್ತಿ ಮರದ ದಾಯಾದಿ, ಆದ್ರೆ ಅದೇ ಜಾತಿ ಅಲ್ಲ. ಅದರ ಕಾಯಿಗೆ ಒಂದೊಂದಕ್ಕೂ ಚಾಕುಲಿ ಗೀರು ಹಾಕ್ಬೇಕಂತೆ, ಗೀರಿದ್ರೇನೇ ಬೇಗ ಹಣ್ಣಾಗೋದು. ಮರ ಹತ್ತಿ ಒಂದೊಂದೇ ಕಾಯಿ ಹುಡುಕಿ ಗೀರೋ ಕೂಲಿ ಕೆಲಸ. ನಮ್ಮಲ್ಲಿ ಹಣ್ಣಾಗಿದ್ದು ನೋಡಿ ನೋಡಿ ಕಾಫಿ ಬಿಡಿಸ್ತಾರಲ್ಲ, ಬೆರಳೆಲ್ಲಾ ಅಂಟಂಟಾಗಿ ಕಪ್ಪಾಗಿರುತ್ತೆ, ಆಮೋಸನ ಬೆರಳೂ ಹಾಗೇ ಇದ್ದಿರ್ಬೇಕು ಅಂತ ನನ್ನ ಕಲ್ಪನೆ.

ಅವ್ನು ಮಾತಾಡಿದ ಕಾಲನೂ ಕಷ್ಟದ ಕಾಲ ಅಲ್ಲ. ಇಸ್ರಾಯೇಲಿನ ರಾಜ ಎರಡನೇ ಯಾರೊಬ್ಬಾಮನ ಆಳ್ವಿಕೆ, ಕ್ರಿಸ್ತಪೂರ್ವ ಎಂಟನೇ ಶತಮಾನ, ದುಡ್ಡು ಹರಿದಾಡ್ತಿದ್ದ ಕಾಲ. ಚಳಿಗೊಂದು ಮನೆ ಸೆಕೆಗೊಂದು ಮನೆ, ದಂತದ ಮಂಚ. ನಮ್ಮ ಕಡೆನೂ ಈಗ ಹಾಗೇ ಅಲ್ವಾ. 2025ರ ಫೆಬ್ರವರಿಲಿ ನ್ಯೂಯಾರ್ಕ್ ಮಾರ್ಕೆಟ್ಟಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟ್ತು, ನಮ್ಮೂರ ರಸ್ತೇಲಿ ಥಾರ್ ಮೇಲೆ ಥಾರ್, ಒಂದಿಬ್ಬರು ಹಬ್ಬದ ಪೂಜೆಗೆ ದೊಡ್ಡ ಕಾಣಿಕೆನೂ ಕೊಟ್ರು. ನಿಮ್ಮ ಹಬ್ಬಗಳು ನಂಗೆ ಅಸಹ್ಯ, ನಿಮ್ಮ ಹಾಡು ಸಾಕು ಮಾಡಿ ಅಂತ ಐದನೇ ಅಧ್ಯಾಯದಲ್ಲಿ ದೇವರು ಹೇಳೋ ಮಾತು ಆ ಹಬ್ಬದ ದಿನ ಯಾರೂ ಓದೋದಿಲ್ಲ ಬಿಡಿ, ಕ್ವಾಯರ್‌ನೋರು ಬೇಜಾರ್ ಮಾಡ್ಕೊಳ್ತಾರೆ.

ಕೊಯ್ಲು ಮುಗೀತು, ಒಣಗಿಸಿದ ಕಾಫಿ ಚೆರ್ರಿ ತಗೊಂಡು ಅದೇ ವ್ಯಾಪಾರಿ ಹತ್ರ ಹೋದೆ, ಬೇರೆ ದಾರಿ ಇಲ್ಲ. ತೂಗಿದ, ಬರೆದ, ಚೀಲಕ್ಕೆ ಒಂದು ಕೆಜಿ ಕಡಿದ. ಯಾಕಪ್ಪಾ ಅಂದೆ.

"ಚೀಲದ್ದು ಅಣ್ಣಾ, ಎಲ್ಲಾ ಕಡೆ ಇದೇ ಪದ್ಧತಿ."

ನಾನು ಸಂಜೆ ಕಣದಲ್ಲಿ ನಿಂತು ಹೇಳೋಕೆ ರೆಡಿ ಇಟ್ಕೊಂಡಿದ್ದ ಮಾತು ಅಕ್ಷರ ಬಿಡದೆ ಅವನ ಬಾಯಲ್ಲಿ ಬಂತು. ಆದ್ರೂ ನಂಗೆ ಬುದ್ಧಿ ಹೊಳೀಲಿಲ್ಲ ನೋಡಿ, ಮನೆಗೆ ಬಂದು ಊಟಕ್ಕೆ ಕೂತು ಅವನ ವಂಶಾನೆಲ್ಲಾ ಬೈತಾ ಇದ್ದೆ. ನಮ್ಮನೇವ್ಳು ಸಾರು ಬಡಿಸ್ತಾ "ರೀ, ನಮ್ಮ ಬುಕ್ಕಲ್ಲೂ ಕಳೀತೀರಲ್ಲ, ಅದೆಷ್ಟಾಗುತ್ತೆ ಒಟ್ಟು?" ಅಂದ್ಳು. ಚುಚ್ಚೋಕೆ ಕೇಳಿದ್ದಲ್ಲ, ಅವ್ಳಿಗೆ ಲೆಕ್ಕ ಅಂದ್ರೆ ಇಷ್ಟ. ತಪ್ಪು ಮಾಡಿದ ದಾವೀದ ರಾಜನಿಗೆ ಪ್ರವಾದಿ ನಾತಾನ, ಬಡವನ ಕುರಿಮರಿ ಕಿತ್ಕೊಂಡ ಸಾಹುಕಾರನ ಕಥೆ ಹೇಳಿ ಆ ಮನುಷ್ಯ ನೀನೇ ಅಂತಾನಲ್ಲ, ಅವ್ಳು ಅಷ್ಟು ದೂರನೂ ಹೋಗ್ಲಿಲ್ಲ, ಒಂದು ಕ್ಯಾಲ್ಕುಲೇಟರ್ ತಂದಿಟ್ಳು.

ಎಂಟು ಜನ, ನಲವತ್ತು ದಿನ, ದಿನಕ್ಕೆ ಒಬ್ಬೊಬ್ಬರಿಗೆ ಹೆಚ್ಚುಕಮ್ಮಿ ಎರಡು ಚೀಲ. 640 ಕೆಜಿ. ಕೆಜಿಗೆ ಆರು ರೂಪಾಯಿ ಅಂದ್ರೆ 3840 ರೂಪಾಯಿ. ಅಷ್ಟೇನಾ ಅನ್ನಿಸ್ತು ಮೊದಲು, ಇಷ್ಟಕ್ಕೇನಾ. ಆಮೇಲೆ ಎಂಟರಲ್ಲಿ ಭಾಗಿಸಿದೆ. ತಲಾ 480.

ಸಂತೇಲಿ ಒಂದು ಜೊತೆ ಚಪ್ಪಲಿ ರೇಟು ಅದು.

ಸೆಪ್ಟೆಂಬರಲ್ಲಿ ಮೈಕ್ ಮುಂದೆ ನಿಂತು ಓದಿದ್ದ ಆ ಸಾಲು ಆಗ ಬಂತು ತಲೆಗೆ, ಐದು ತಿಂಗಳು ಬಿಟ್ಟು. ಅನ್ನ ಹಾಗೇ ಬಿಟ್ಟು ಎದ್ದೆ ಅಂತೆಲ್ಲಾ ಬರೆಯೋಕೆ ಹೋಗಲ್ಲ, ಊಟ ಮುಗಿಸ್ದೆ. ಮುಗಿಸಿ ಟಾರ್ಚ್ ಹಿಡ್ಕೊಂಡು ಕಣಕ್ಕೆ ಹೋಗಿ ಖಾಲಿ ಚೀಲ ಒಂದನ್ನ ತಕ್ಕಡಿಗೆ ಹಾಕಿದೆ. 120 ಗ್ರಾಂ. ಎಲೆ ಕಡ್ಡಿ ಸೇರಿಸಿದ್ರೂ ಕಾಲು ಕೆಜಿ ಆಗಲ್ಲ.

ಪಕ್ಕದ ತೋಟದೋರಿಗೆ ಮುಂದಿನ ಸಲದಿಂದ ನಾನು ಕಳೆಯಲ್ಲ ಅಂದೆ. ನೀನು ಹಿಂಗ್ ಮಾಡಿದ್ರೆ ನಾಳೆ ನಮ್ಮ ಜನನೂ ಕೇಳ್ತಾರೆ ಕಣೋ ಅಂದ್ರು, ಮುಖ ಸಪ್ಪಗಾಯ್ತು ಅವ್ರದ್ದು. ಅವ್ರೇನೂ ಕೆಟ್ಟೋರಲ್ಲ, ಮಳೆಗಾಲದಲ್ಲಿ ನಮ್ಮ ಮೋಟಾರ್ ಕೊಚ್ಕೊಂಡು ಹೋದಾಗ ಅವರದ್ದೇ ಕೊಟ್ಟಿದ್ರು.

ಎಂಟರಲ್ಲಿ ಮೂವರು ನಮ್ಮೂರೋರೇ, ಕರೆದು ಕೊಟ್ಟೆ. ಒಬ್ಬ ಅಕ್ಕ "ಇದ್ಯಾತರದ್ದು ಅಣ್ಣಾ, ಬೋನಸ್ಸಾ?" ಅಂದ್ಳು. ಹೂಂ ಅನ್ನೋಕೆ ಬಾಯಿ ಬಂದೇ ಬಿಟ್ಟಿತ್ತು. ಅಲ್ಲ ಅಕ್ಕ, ನಿಮ್ದೇ, ತೂಕದಲ್ಲಿ ಕಳೆದಿದ್ದು ಅಂದೆ. ಅವ್ಳು ಎಣಿಸ್ಕೊಂಡು, ಹಾಗಾದ್ರೆ ಹೋದ ವರ್ಷದ್ದು? ಅಂದ್ಳು. ಹೋದ ವರ್ಷದ ಬುಕ್ಕು ಹುಡುಕ್ತಾ ಇದೀನಿ, ಸಿಕ್ಕಿಲ್ಲ.

ಇನ್ನೈದು ಜನ ಅಸ್ಸಾಮಿಂದ ಬಂದಿದ್ದೋರು, ಕೊಯ್ಲು ಮುಗಿದ ಕೂಡ್ಲೆ ಹೋಗಿಬಿಟ್ರು. ಅವರನ್ನ ಕರ್ಕೊಂಡು ಬಂದಿದ್ದ ಮೇಸ್ತ್ರಿ ನಂಬರ್ ಸ್ವಿಚ್ ಆಫ್. ಕಾಫಿ ಹೂ ಬಿಡೋಕೆ ಬೇಕಾದ ಹೂವಿನ ಮಳೆ ಇನ್ನೂ ಬಂದಿಲ್ಲ, ದಿನಾ ಬೆಳಿಗ್ಗೆ ಎದ್ದು ಮೋಡ ನೋಡೋದು, ಆಮೇಲೆ ಆ ನಂಬರಿಗೆ ಒಂದ್ಸಲ ಫೋನ್ ಮಾಡೋದು. 2400 ರೂಪಾಯಿ ಕವರಲ್ಲಿ ಹಾಕಿ ಬೀರುವಲ್ಲಿಟ್ಟಿದೀನಿ.