ಅಜ್ಜ ಹಾರಿಸಿದ ವಿಮಾನವನ್ನೇ ಮೊಮ್ಮಗನೂ

ಅಮೆರಿಕದ ಲೂಯಿಸಿಯಾನಾ ರಾಜ್ಯದ ಬೋಜರ್ ಸಿಟಿ ಅಂದರೆ ಊರ ಕಡೆ ಯಾರಿಗೂ ಗೊತ್ತಾಗುವುದಿಲ್ಲ. ಬಿ-52 ಬಾಂಬರ್ ಅಂದರೆ ತಕ್ಷಣ ಗೊತ್ತಾಗುತ್ತದೆ. ಅದರ ಎರಡು ಮುಖ್ಯ ನೆಲೆಗಳಲ್ಲಿ ಒಂದಾದ ಬಾರ್ಕ್ಸ್‌ಡೇಲ್ ಇರುವುದು ಇಲ್ಲೇ. ಎಂಟು ಎಂಜಿನ್ ಒಟ್ಟಿಗೆ ಮೊರೆದಾಗ ಫೋನಿನಲ್ಲಿ ಅಮ್ಮ "ಗುಡುಗಾ?" ಅಂತಾರೆ.

ಮೊದಲ ಬಿ-52 ಹಾರಿದ್ದು 1952ರ ಏಪ್ರಿಲ್‌ನಲ್ಲಿ. ಒಟ್ಟು 744 ತಯಾರಾದವು. ಕೊನೆಯದು ಬಂದದ್ದು 1962ರಲ್ಲಿ. ಅಂದರೆ ಈಗ ಹಾರುತ್ತಿರುವ ಎಪ್ಪತ್ತು ಚಿಲ್ಲರೆ ವಿಮಾನಗಳಲ್ಲಿ ಎಲ್ಲಕ್ಕೂ ಚಿಕ್ಕದಕ್ಕೇ ಅರವತ್ತು ದಾಟಿದೆ! ಅಜ್ಜ, ಅಪ್ಪ, ಮೊಮ್ಮಗ ಮೂವರೂ ಇದರಲ್ಲೇ ಹಾರಿದ ಮನೆತನವೂ ಇದೆ.

ಇಲ್ಲಿನವರಿಗೆ ಈ ವಿಮಾನದ ಮೇಲೆ ತುಂಬಾ ಅಭಿಮಾನ. ನನಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ, 1972ರ ಡಿಸೆಂಬರ್‌ನಲ್ಲಿ, ಹನೋಯ್ ನಗರದ ಮೇಲೆ ಬಾಂಬ್ ಸುರಿದದ್ದು ಇದೇ. ಬಾಕ್ ಮಾಯ್ ಆಸ್ಪತ್ರೆಯ ಮೇಲೂ ಬಿತ್ತು. ಆ ದಾಳಿಯಲ್ಲಿ 15 ಬಿ-52ಗಳೂ ಉರುಳಿದವು.

ಇಷ್ಟು ಕಾಲ ಬಾಳಿದ್ದು ಹೇಗೆ? ಹಳೇ ಕಾಲದ ಗಟ್ಟಿ ಮಾಲು ಅನ್ನುತ್ತಾರೆ. ಅದು ಅರ್ಧ ನಿಜ ಅಷ್ಟೇ. ಶೀತಲ ಸಮರದ ವರ್ಷಗಳಲ್ಲಿ ಇವು ಅಣುಬಾಂಬ್ ಹೊತ್ತು ರನ್‌ವೇ ಪಕ್ಕ ಸುಮ್ನೆ ಕಾಯುತ್ತಾ ನಿಂತದ್ದೇ ಜಾಸ್ತಿ. ಪ್ರಯಾಣಿಕರ ವಿಮಾನವೊಂದು ಹತ್ತು ವರ್ಷದೊಳಗೆ ಹಾರುವಷ್ಟನ್ನು ಇವು ಇಡೀ ಆಯಸ್ಸಿನಲ್ಲಿ ಹಾರಿವೆ. ಲೋಹ ದಣಿಯುವುದು ಹಾರಾಟದಿಂದ, ಕ್ಯಾಲೆಂಡರಿನಿಂದಲ್ಲ. ತುಕ್ಕು ಹಿಡಿಯದಂತೆ ನೋಡಿಕೊಂಡರೆ ಸಾಕು, ಅದೇನೂ ಸಣ್ಣ ಕೆಲಸವಲ್ಲ ಬಿಡಿ. ಅರಿಜೋನಾದ ಮರುಭೂಮಿಯಲ್ಲಿ ಏಳು ವರ್ಷ ನಿಂತಿದ್ದ 'ಘೋಸ್ಟ್ ರೈಡರ್' ಎಂಬ ಬಿ-52ನ್ನು 2015ರಲ್ಲಿ ರಿಪೇರಿ ಮಾಡಿ ಬಾರ್ಕ್ಸ್‌ಡೇಲಿಗೆ ಹಾರಿಸಿಕೊಂಡೇ ತಂದರು.

ಇನ್ನೊಂದು ಕಾರಣ ದುಡ್ಡು. ಆಮೇಲೆ ಬಂದ ಬಾಂಬರ್‌ಗಳು ವಿಪರೀತ ದುಬಾರಿ. ಬಿ-2 ತಯಾರಾದದ್ದು 21 ಮಾತ್ರ. 2021ರಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ತೇಜಸ್ ಜೊತೆ ಹಾರಿದ ಬಿ-1 ನೋಡಿದ್ದೀರಲ್ವಾ? ಅದು ಸೇವೆಗೆ ಸೇರಿದ್ದು 1980ರ ದಶಕದಲ್ಲಿ. ಯೋಜನೆಯ ಪ್ರಕಾರ ಬಿ-1, ಬಿ-2 ಎರಡೂ ಬಿ-52ಗಿಂತ ಮೊದಲೇ ಮನೆಗೆ ಹೋಗುತ್ತವೆ.

ಬಿ-52ಗೆ ಈಗ ರೋಲ್ಸ್ ರಾಯ್ಸ್‌ನ ಹೊಸ ಎಂಜಿನ್ ಹಾಕುವ ಕೆಲಸ ನಡೆದಿದೆ. ಸಂಖ್ಯೆ ಮಾತ್ರ ಅದೇ ಎಂಟು. ಹೊಸ ರೇಡಾರ್ ಕೂಡ ಬರುತ್ತದೆ. ಇದೆಲ್ಲ ಆದರೆ 2050ರ ದಶಕದವರೆಗೂ ಹಾರುತ್ತದಂತೆ. ಸದ್ಯಕ್ಕೆ ಎಂಜಿನ್ ಕೆಲಸವೇ ಹೇಳಿದ ಸಮಯಕ್ಕಿಂತ ವರ್ಷಗಟ್ಟಲೆ ಹಿಂದಿದೆ.